ಕಿಟಕಿಗೊಂದು ತೆರೆ

ಮನೆ ಕಟ್ಟಿಸುವವರು ಪಾಯದಿಂದ ಸೂರಿನವರೆಗೆ ಎಲ್ಲವನ್ನೂ ಹತ್ತು ಜನರನ್ನು ಕೇಳಿಯೇ ಮಾಡುತ್ತಾರೆ. ಬಾಗಿಲಿಗೆ ಮುಹೂರ್ತವಿದೆ, ಬಾವಿಗೆ ದಿಕ್ಕಿದೆ, ಒಲೆಗೆ ಮೂಲೆಯಿದೆ. ಕಿಟಕಿಗೆ ಏನನ್ನು ಇಳಿಬಿಡಬೇಕೆಂಬ ಪ್ರಶ್ನೆ ಮಾತ್ರ ಗೃಹಪ್ರವೇಶದ ಹಿಂದಿನ ದಿನ ಹುಟ್ಟುತ್ತದೆ. ಆಗ ಯಾರಾದರೊಬ್ಬರು ಅಂಗಡಿಗೆ ಓಡಿ, ಗೋಡೆಯ ಬಣ್ಣಕ್ಕೆ ಹೊಂದುವ ಬಟ್ಟೆಯನ್ನು ಅಳೆಸಿಕೊಂಡು ಬರುತ್ತಾರೆ. ಹೊಸ ಅಂಗಡಿ ಇಡುವವರ, ಕಚೇರಿ ತೆರೆಯುವವರ ರೀತಿಯೂ ಬಹುಮಟ್ಟಿಗೆ ಇದೇ. ಇಷ್ಟು ಸಣ್ಣ ವಿಷಯಕ್ಕೆ ಚರಿತ್ರೆಯೇನಿದ್ದೀತು ಎಂದು ತಾವು ಕೇಳಬಹುದು. ಚರಿತ್ರೆ ಇದೆ, ಅದನ್ನು ಅರಿತವರಿಗೆ ಆಯ್ಕೆಯೂ ತುಸು ಸುಲಭವಾದೀತು ಎಂಬ ನಂಬಿಕೆಯಿಂದ ಈ ಕೆಲವು ಮಾತುಗಳು.

ಮೊದಲು ಹೆಸರುಗಳನ್ನು ಗಮನಿಸೋಣ. ನಾವು ಹಗಲಿರುಳೂ ಬಳಸುವ ‘ಕಿಟಕಿ’ಗೆ ಉತ್ತರದ ಭಾಷೆಗಳ ‘ಖಿಡಕಿ’ಯೊಡನೆ ನಂಟು. ಅದಕ್ಕಿಂತ ಅರ್ಥಪೂರ್ಣವಾದ ಮೂರು ಹೆಸರುಗಳು ನಮ್ಮಲ್ಲಿವೆ. ವಾತಾಯನ ಎಂದರೆ ಗಾಳಿಯ ದಾರಿ. ಬೆಳಕಿಂಡಿ ಎಂದರೆ ಬೆಳಕಿನ ಕಿಂಡಿ. ಬಯಲುಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಸೂರಿನಲ್ಲೇ ಬಿಟ್ಟ ರಂಧ್ರ ಅದು, ಮಳೆ ಹನಿಯಿತೆಂದರೆ ಯಾರಾದರೂ ಮೇಲೆ ಹತ್ತಿ ಅದಕ್ಕೊಂದು ಮುಚ್ಚಳವಿಡಬೇಕು. ಗವಾಕ್ಷ ಎಂದರೆ ಗೋವಿನ ಕಣ್ಣು. ಗಾಳಿಗೊಂದು, ಬೆಳಕಿಗೊಂದು, ನೋಟಕ್ಕೊಂದು ಹೆಸರು. ಇಂಗ್ಲಿಷಿನ ‘ವಿಂಡೋ’ ಕೂಡ ಹಳೆಯ ನಾರ್ಸ್ ಭಾಷೆಯಲ್ಲಿ ‘ಗಾಳಿಯ ಕಣ್ಣು’ ಎಂಬರ್ಥದ ಪದದಿಂದ ಬಂದದ್ದು. ಕಿಟಕಿಯ ಮೂಲಕ ನಮ್ಮ ಮನೆಗೆ ಈ ಮೂರೂ ಬರುತ್ತವೆ. ಅವುಗಳ ಜೊತೆಗೆ ಬಿಸಿಲು, ದೂಳು, ಮಳೆ, ಪರರ ದೃಷ್ಟಿ ಇವೂ ಬರುತ್ತವೆ. ಬೇಕಾದದ್ದನ್ನು ಬಿಟ್ಟುಕೊಂಡು ಬೇಡವಾದದ್ದನ್ನು ತಡೆಯುವುದು ಹೇಗೆ? ಕಿಟಕಿಯ ಮರೆಗಳ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಗೆ ಜನ ಕಂಡುಕೊಂಡ ಉತ್ತರಗಳ ಚರಿತ್ರೆ.

‘ತೆರೆ’ ಎಂಬ ನಮ್ಮ ಅಚ್ಚಗನ್ನಡ ಮಾತೂ ಸ್ವಾರಸ್ಯವುಳ್ಳದ್ದು. ನಾಮಪದವಾದರೆ ಅದು ಮರೆಮಾಡುವ ಬಟ್ಟೆ; ಕ್ರಿಯಾಪದವಾದರೆ ಮುಚ್ಚಿದ್ದನ್ನು ಬಿಚ್ಚುವುದು. ಈ ಎರಡರ ಮೂಲ ಒಂದೇ ಹೌದೋ ಅಲ್ಲವೋ, ಅದನ್ನು ನಿಘಂಟುಕಾರರಿಗೆ ಬಿಡೋಣ. ಬಳಕೆಯಲ್ಲಂತೂ ಇವೆರಡೂ ಕೂಡಿಯೇ ನಡೆದಿವೆ. ಯಕ್ಷಗಾನದಲ್ಲಿ ಇಬ್ಬರು ಹಿಡಿದ ತೆರೆಯ ಮೇಲಿನಿಂದ ಕಿರೀಟದ ತುದಿ, ಕೆಳಗಿನಿಂದ ಗೆಜ್ಜೆಯ ಕಾಲು ಕಾಣುತ್ತವೆ. ಮದುವೆಯ ಮಂಟಪದಲ್ಲಿ ವಧೂವರರ ನಡುವೆ ಅಂತರಪಟ ಹಿಡಿಯುವುದು ಅದನ್ನು ಸರಿಸುವ ಗಳಿಗೆಗಾಗಿಯೇ. ಒಳ್ಳೆಯ ತೆರೆ ತೆರೆಯುವುದಕ್ಕಾಗಿ ಇರುತ್ತದೆ ಎಂಬ ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ನಮ್ಮ ನಾಡಿನಲ್ಲಿ ಉಳಿದು ಬಂದಿರುವ ಅತಿ ಹಳೆಯ ಕಿಟಕಿಯ ಮರೆಗಳು ಕಲ್ಲಿನವು. ಬಟ್ಟೆ, ಬಿದಿರು, ಹುಲ್ಲುಗಳ ಮರೆಗಳು ಅವಕ್ಕಿಂತ ಮೊದಲೂ ಇದ್ದಿರಲೇಬೇಕು; ಆದರೆ ಅವು ಗೆದ್ದಲಿಗೂ ಕಾಲಕ್ಕೂ ತುತ್ತಾದವು. ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಸುಮಾರು 740ರಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಗೋಡೆಗಳನ್ನು ಸುತ್ತಿ ಬಂದರೆ, ಕಲ್ಲಿನ ಚಪ್ಪಡಿಯನ್ನು ಕೊರೆದು ಮಾಡಿದ ಜಾಲಂಧ್ರಗಳು ಒಂದೊಂದೂ ಒಂದೊಂದು ಬಗೆಯಲ್ಲಿ ಕಾಣುತ್ತವೆ. ಬೇಲೂರಿನ ವಿಷಯ ಇನ್ನೂ ಕುತೂಹಲಕರ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ನವರಂಗ ಮೊದಲಿಗೆ ತೆರೆದ ಮಂಟಪವಾಗಿತ್ತೆಂದೂ, ಕಂಬಗಳ ನಡುವಿನ ಜಾಲಂಧ್ರಗಳು ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಸೇರಿದವೆಂದೂ ಶಿಲ್ಪಶಾಸ್ತ್ರ ಬಲ್ಲವರು ಹೇಳುತ್ತಾರೆ. ಎಂದರೆ, ಕಟ್ಟಿ ಮುಗಿದ ಕಟ್ಟಡಕ್ಕೆ ಆಮೇಲೆ ತೆರೆ ಹಾಕಿಸುವ ವಾಡಿಕೆ ನಮ್ಮ ಕಾಲದ್ದೇ ಅಲ್ಲ! ಆ ಜಾಲಂಧ್ರಗಳಲ್ಲಿ ಕೆಲವು ಬರಿಯ ನಕ್ಷತ್ರಾಕಾರದ ರಂಧ್ರಗಳ ಸಾಲು; ಕೆಲವುಗಳಲ್ಲಿ ಪುರಾಣದ ಕಥೆಗಳಿವೆ; ಒಂದರಲ್ಲಿ ಹೊಯ್ಸಳ ಅರಸನ ಒಡ್ಡೋಲಗವೇ ಇದೆ. ಒಳಗಿನ ಕಂಬಗಳ ನುಣುಪು ಇಂದು ನಮ್ಮ ಕಣ್ಣಿಗೆ ಬೀಳುವುದು ಈ ಜರಡಿಯಿಂದ ಸೋಸಿ ಬಂದ ಬೆಳಕಿನಲ್ಲಿ.

ಜಾಲಂಧ್ರದ ಗುಟ್ಟು ಸರಳವಾದದ್ದು. ಚಪ್ಪಡಿ ದಪ್ಪವಾಗಿರುವುದರಿಂದ ಪ್ರತಿಯೊಂದು ರಂಧ್ರಕ್ಕೂ ತನ್ನದೇ ಆದ ಚಿಕ್ಕ ಸೂರು ಇದ್ದಂತಾಗುತ್ತದೆ. ನೆತ್ತಿಯ ಮೇಲಿನ ಬಿಸಿಲು ಅಲ್ಲೇ ತಡೆದು ನಿಲ್ಲುತ್ತದೆ, ಗಾಳಿ ಮಾತ್ರ ಒಳಕ್ಕೆ ನುಸುಳುತ್ತದೆ. ನೋಟದ ವಿಷಯದಲ್ಲಿ ಇನ್ನೊಂದು ನಿಯಮ ಕೆಲಸ ಮಾಡುತ್ತದೆ. ಕತ್ತಲಿನಲ್ಲಿ ನಿಂತ ಕಣ್ಣು ಬೆಳಕಿನಲ್ಲಿರುವುದನ್ನು ಸಣ್ಣ ರಂಧ್ರದಿಂದಲೂ ಸ್ಪಷ್ಟವಾಗಿ ಕಾಣುತ್ತದೆ. ಬೆಳಕಿನಲ್ಲಿ ನಿಂತವನಿಗೆ ಆ ರಂಧ್ರಗಳ ಹಿಂದಿನ ಕತ್ತಲು ಕತ್ತಲಾಗಿಯೇ ಉಳಿಯುತ್ತದೆ. ಹೀಗೆ ಒಂದೇ ಕಲ್ಲು ಬಿಸಿಲನ್ನು ತಡೆದು ಗಾಳಿಯನ್ನು ಬಿಡುತ್ತದೆ. ಹೊರಗಿನವರ ದೃಷ್ಟಿಯನ್ನು ತಡೆದು ಒಳಗಿನವರ ದೃಷ್ಟಿಯನ್ನು ಬಿಡುತ್ತದೆ. ಗಾಳಿ, ಬೆಳಕು, ನೋಟ ಈ ಮೂರನ್ನೂ ಬೇರೆಬೇರೆಯಾಗಿ ಎಣಿಸಿ ಲೆಕ್ಕ ಹಾಕಿದ ಬುದ್ಧಿ ಇದು.

ವಿಜಯಪುರದ ಇಬ್ರಾಹಿಂ ರೋಜಾವನ್ನು ನೋಡಿದವರಿಗೆ ಇದರ ಇನ್ನೊಂದು ರೂಪ ನೆನಪಿರಬಹುದು. 1627ರಲ್ಲಿ ತೀರಿಕೊಂಡ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಈ ಸಮಾಧಿಯ ಕಿಟಕಿಗಳನ್ನು ಕಲ್ಲಿನಲ್ಲಿ ಕೊರೆದ ಅರಬ್ಬಿ ಲಿಪಿ ತುಂಬಿದೆ. ಅಕ್ಷರಗಳೇ ಕಲ್ಲು, ಅಕ್ಷರಗಳ ನಡುವಿನ ಬಯಲೇ ಬೆಳಕು. ಆ ಲಿಪಿಯನ್ನು ಓದಲಾರದ ನನ್ನಂಥವನೂ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಬರಹವೊಂದು ಕಿಟಕಿಯ ತೆರೆಯಾಗಿ, ಬಿಸಿಲನ್ನು ತಣಿಸಿ ಒಳಗೆ ಕಳುಹಿಸುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಕಿಟಕಿಯ ಬಳಿ ನಿಂತವರು ಯಾರು ಎಂದು ಕೇಳಿದರೆ ಕಾವ್ಯಗಳು ಒಂದೇ ಉತ್ತರ ಕೊಡುತ್ತವೆ: ಹೆಂಗಸರು. ಕಾಳಿದಾಸನ ರಘುವಂಶದ ಏಳನೆಯ ಸರ್ಗದಲ್ಲಿ ಅಜ ಮಹಾರಾಜ ಇಂದುಮತಿಯೊಡನೆ ಬೀದಿಯಲ್ಲಿ ಬರುವಾಗ ಊರ ಹೆಂಗಸರೆಲ್ಲ ಕೈಯ ಕೆಲಸ ಬಿಟ್ಟು ಗವಾಕ್ಷಗಳಿಗೆ ಓಡುತ್ತಾರೆ. ಒಬ್ಬಳು ಬಿಚ್ಚಿದ ಮುಡಿಯನ್ನು ಕೈಯಲ್ಲಿ ಹಿಡಿದೇ ಓಡುತ್ತಾಳೆ. ಮತ್ತೊಬ್ಬಳ ಕಾಲಿನ ಹಸಿ ಅಲತಿಗೆ ಕಿಟಕಿಯವರೆಗೂ ಕೆಂಪು ಹೆಜ್ಜೆಗಳನ್ನು ಮೂಡಿಸುತ್ತದೆ. ಆ ಹೆಂಗಸರು ನೋಡುತ್ತಾರೆ, ನೋಡಲ್ಪಡುತ್ತಾರೆ ಕೂಡ. ಕಿಟಕಿಗಳಲ್ಲಿ ತುಂಬಿದ ಅವರ ಮುಖಗಳನ್ನು ಕವಿ ತಾವರೆಗಳಿಗೆ ಹೋಲಿಸುತ್ತಾನೆ. ಜೈಪುರದಲ್ಲಿ ಸವಾಯಿ ಪ್ರತಾಪಸಿಂಗ 1799ರಲ್ಲಿ ಕಟ್ಟಿಸಿದ ಹವಾ ಮಹಲಿನಲ್ಲಿ ಚಿತ್ರವೇ ಬೇರೆ. ಅಲ್ಲಿ 953 ಚಿಕ್ಕ ಕಿಟಕಿಗಳಿವೆಯೆಂದು ಲೆಕ್ಕ. ಅರಮನೆಯ ಹೆಂಗಸರು ಬೀದಿಯ ಮೆರವಣಿಗೆಯನ್ನು ಅವುಗಳ ಜಾಲಿಯ ಹಿಂದಿನಿಂದ ನೋಡಬಹುದಾಗಿತ್ತು. ಬೀದಿಗೆ ಒಂದು ಮುಖವೂ ಕಾಣುತ್ತಿರಲಿಲ್ಲ. ಯೂರೋಪಿನವರಲ್ಲೂ ಈ ಬುದ್ಧಿ ಇತ್ತೆಂಬುದಕ್ಕೆ ಅವರ ಮಾತೇ ಸಾಕ್ಷಿ. ಪಟ್ಟಿಪಟ್ಟಿಯಾಗಿ ಜೋಡಿಸಿದ ಕಿಟಕಿಯ ಮರೆಯನ್ನು ಫ್ರೆಂಚರು ‘ಜಾಲೂಜಿ’ ಎಂದರು; ಆ ಭಾಷೆಯಲ್ಲಿ ಅದರ ಅರ್ಥ ಮತ್ಸರ, ಶಂಕೆ. ಇಟಲಿಯವರ ‘ಜೆಲೊಸಿಯಾ’ಕ್ಕೂ ಅದೇ ಅರ್ಥ. ಗಂಡನ ಸಂಶಯ ಅಲ್ಲಿ ಮರದ ಪಟ್ಟಿಯಾಗಿ ಕಿಟಕಿಗೆ ಬಂದು ಕೂತಿತು.

ಕಾಣಿಸಿಕೊಳ್ಳದೆ ಕಾಣುವುದು ಅಧಿಕಾರವೋ ಸೆರೆವಾಸವೋ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಜೈಪುರದವರೆಗೆ ಹೋಗಬೇಕಾಗಿಲ್ಲ. ಹಾಸನದ ಸೀಮೆಯ ನಮ್ಮ ಹಿರಿಯರ ಮನೆಯ ಬೀದಿಯ ಕೋಣೆಗೆ ಮರದ ಸರಳುಗಳ ಒಂದು ಕಿಟಕಿಯಿತ್ತು. ಅದರ ಕೆಳಗಿನ ಅರ್ಧಕ್ಕೆ ಹಳೆಯ ಸೀರೆಯ ತುಂಡೊಂದನ್ನು ದಾರಕ್ಕೆ ಪೋಣಿಸಿ ಕಟ್ಟಿದ್ದರು. ಕನ್ನಡ ನಾಡಿನ ಸಾವಿರಾರು ಮನೆಗಳ ಕಿಟಕಿಯ ತೆರೆ ಇದೇ. ಅಂಗಡಿಯಿಂದ ಬಂದದ್ದಲ್ಲ, ಉಟ್ಟು ಹಳತಾದದ್ದು. ಇಪ್ಪತ್ತು ದಾಟುವ ಮೊದಲೇ ಗಂಡನನ್ನು ಕಳೆದುಕೊಂಡ ನಮ್ಮ ದೊಡ್ಡಮ್ಮ ಊರ ತೇರಿನ ದಿನ ಹೊರಗೆ ಬರುವಂತಿರಲಿಲ್ಲ. ತೇರು ನಮ್ಮ ಬಾಗಿಲ ಮುಂದೆಯೇ ಹಾದು ಹೋಗುತ್ತಿತ್ತು. ಆಕೆ ಆ ತೆರೆಯ ಹಿಂದೆ ನಿಂತು ನೋಡುತ್ತಿದ್ದರು. ತಗ್ಗಾದ ಸೂರು, ಚಿಕ್ಕ ಕಿಟಕಿ; ಅಲ್ಲಿಂದ ಕಾಣುತ್ತಿದ್ದದ್ದು ತೇರಿನ ಗಾಲಿಗಳು, ಹಗ್ಗ, ಎಳೆಯುವವರ ಕಾಲುಗಳು. ತೇರು ಮುಂದಕ್ಕೆ ಹೋದ ಮೇಲೆ ಹುಡುಗರಾದ ನಾವು ಒಳಗೆ ಓಡಿ ಬಂದರೆ ಪ್ರತಿ ವರ್ಷವೂ ಒಂದೇ ಪ್ರಶ್ನೆ: “ಮಗು, ಈ ಸಲ ಮೇಲೆ ಬಾವುಟ ಯಾವ ಬಣ್ಣದ್ದು ಕಟ್ಟಿದ್ರು?” ನಾವು ಹೇಳುತ್ತಿದ್ದೆವು. ಅವರು ತಲೆಯಾಡಿಸಿ ಅಡಿಗೆಮನೆಗೆ ಹೋಗುತ್ತಿದ್ದರು. ಇದು 1960ರ ದಶಕದ ಕೊನೆಯ ಮಾತು. ಬೀದಿಯಲ್ಲಿ ಯಾರು ಯಾವ ಹೊತ್ತಿಗೆ ಹೋದರು, ಯಾರ ಹೆಜ್ಜೆಯ ಸದ್ದು ಹೇಗೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ತೇರಿನ ಕಳಶ ಮಾತ್ರ ಅವರಿಗೆ ಹುಡುಗರ ಬಾಯಿಂದ ಕೇಳಿದ ಸುದ್ದಿಯಾಗಿತ್ತು.

ಬಂಗಾಳದ ಲೇಖಕಿ ಬೇಗಂ ರೊಕೆಯಾ 1931ರಲ್ಲಿ ‘ಅವರೋಧವಾಸಿನಿ’ ಎಂಬ ಹೆಸರಿನಲ್ಲಿ ಪರದೆಯ ಹಿಂದಿನ ಬಾಳಿನ ಸಂಗತಿಗಳನ್ನು ಕಲೆಹಾಕಿ ಪ್ರಕಟಿಸಿದಾಗ ಓದಿದವರು ನಕ್ಕದ್ದೂ ಉಂಟು, ತಲೆತಗ್ಗಿಸಿದ್ದೂ ಉಂಟು. ಪರದೆ ಎಂಬ ಪಾರಸಿ ಮಾತಿಗೆ ಬಟ್ಟೆ ಎಂಬರ್ಥ ಹಿಂದೆ ಸರಿದು ಒಂದು ಪದ್ಧತಿಯ ಹೆಸರು ಮುಂದೆ ಬಂದುದರ ಕಾರಣ ಇದೇ. ಕಿಟಕಿಯ ಮರೆಯನ್ನು ಹೊಗಳುವಾಗ ಈ ಮಗ್ಗುಲನ್ನು ನಾವು ಮರೆಯುವಂತಿಲ್ಲ. ಜಾಲಂಧ್ರದ ಕೆಲಸಗಾರಿಕೆ ಎಷ್ಟೇ ಸೊಗಸಾಗಿರಲಿ, ಅದರ ಹಿಂದೆ ನಿಂತವರು ತಾವಾಗಿ ನಿಂತರೋ ನಿಲ್ಲಿಸಲ್ಪಟ್ಟರೋ ಎಂಬುದು ಬೇರೆಯೇ ಪ್ರಶ್ನೆ.

ಇನ್ನು ಗಿಡಮರಗಳಿಂದ ಮಾಡಿದ ಮರೆಗಳ ಕಡೆಗೆ ಬರೋಣ. ಇವುಗಳಲ್ಲಿ ಅತ್ಯಂತ ಬುದ್ಧಿವಂತಿಕೆಯದು ಲಾವಂಚದ ತಟ್ಟಿ. ಬಿದಿರಿನ ಚೌಕಟ್ಟಿನಲ್ಲಿ ಲಾವಂಚದ ಬೇರನ್ನು ಹೆಣೆದು, ಕಿಟಕಿಗೋ ಬಾಗಿಲಿಗೋ ಇಳಿಬಿಟ್ಟು, ನೀರು ಚಿಮುಕಿಸುತ್ತಿದ್ದರೆ ಬಿಸಿಗಾಳಿ ಅದರ ಮೂಲಕ ಹಾಯುವಾಗ ತಂಪಾಗಿ, ಕಂಪನ್ನೂ ಹೊತ್ತು ಒಳಗೆ ಬರುತ್ತದೆ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ತನ್ನ ‘ಐನ್-ಇ-ಅಕ್ಬರಿ’ಯಲ್ಲಿ ಈ ಬೇರಿನಿಂದ ಮಾಡಿದ ತಂಪುಕೋಣೆಯ ಕೀರ್ತಿಯನ್ನು ಬಾದಷಹನಿಗೇ ಸಲ್ಲಿಸಿದ್ದಾನೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ ಎಂಬುದಷ್ಟೇ ಇದರ ವಿಜ್ಞಾನ. ಆದ್ದರಿಂದ ಇದು ಕಲಬುರಗಿ, ರಾಯಚೂರುಗಳ ಒಣ ಸೆಕೆಗೆ ಒದಗುವಂತೆ ಮಂಗಳೂರಿನ ಬೆವರು ಸೆಕೆಗೆ ಒದಗದು. ಕಡಲತೀರದ ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿರುವುದರಿಂದ ಅಲ್ಲಿ ತಟ್ಟಿ ಸುಮ್ಮನೆ ತೊಟ್ಟಿಕ್ಕುತ್ತಿರುತ್ತದೆ. ಕರಾವಳಿಯವರು ತಮ್ಮ ಹವೆಗೆ ತಕ್ಕ ಬೇರೆ ಉಪಾಯ ಕಂಡುಕೊಂಡರು. ಮಳೆಗಾಲಕ್ಕೆ ಮೊದಲು ತೆಂಗಿನ ಮಡಲು ಹೆಣೆದ ತಟ್ಟಿಗಳನ್ನು ಜಗಲಿಯ ಅಂಚಿಗೆ ಕಟ್ಟಿ ಇರಚಲನ್ನು ತಡೆದರು. ಮಳೆ ಕಳೆದ ಮೇಲೆ ಬಿಚ್ಚಿದರು. ಮಲೆನಾಡಿನಲ್ಲಿ ಅಡಕೆಯ ಸೋಗೆ ಈ ಕೆಲಸಕ್ಕೆ ಬಂತು. ತೆರೆ ಋತುವಿಗೆ ತಕ್ಕಂತೆ ಬದಲಾಗಬೇಕೆಂಬ ತಿಳಿವಳಿಕೆ ಅವರಿಗೆ ಸಹಜವಾಗಿತ್ತು.

ಲಾವಂಚದ ತಟ್ಟಿಗೆ ನೀರು ಚಿಮುಕಿಸಿದವರು ಯಾರು? ಕೋಣೆಯ ಒಳಗಿದ್ದವರಲ್ಲ. ಕಂಪನಿಯ ಕಾಲದ ದೊರೆಗಳ ಬಂಗಲೆಗಳಲ್ಲಿ ಒಬ್ಬ ಪಂಖಾ ಎಳೆಯಲು, ಒಬ್ಬ ತಟ್ಟಿ ನೆನೆಸಲು ಹೊರಗಿನ ಬಿಸಿಲಿನಲ್ಲಿ ನಿಂತಿರುತ್ತಿದ್ದರು. ಒಳಗಿನ ತಂಪಿನ ಬೆಲೆಯನ್ನು ಹೊರಗಿನವನು ತೆರುವ ಈ ವ್ಯವಸ್ಥೆ ತಟ್ಟಿಯೊಡನೆಯೇ ಮುಗಿಯಿತೆಂದು ಹೇಳುವಂತಿಲ್ಲ. ಇಂದಿನ ತಂಪು ಯಂತ್ರವೂ ಕೋಣೆಯ ಶಾಖವನ್ನು ಬೀದಿಗೆ ಊದಿಯೇ ಕೋಣೆಯನ್ನು ತಂಪು ಮಾಡುತ್ತದೆ.

ಬಟ್ಟೆಯ ಪರದೆಯ ಕಥೆ ಇದಕ್ಕಿಂತ ವಿಚಿತ್ರ. ಕಿಟಕಿಗೆ ಹೂವಿನ ಬಟ್ಟೆ ತೂಗುಬಿಡುವುದು ಪಾಶ್ಚಾತ್ಯರಿಂದ ಕಲಿತದ್ದೆಂದು ನಾವು ತಿಳಿದಿದ್ದೇವೆ. ಆ ಹೂವಿನ ಬಟ್ಟೆಯನ್ನು ಅವರಿಗೆ ಕೊಟ್ಟವರು ಯಾರು? ಹದಿನೇಳನೆಯ ಶತಮಾನದಲ್ಲಿ ಮಚಲೀಪಟ್ಟಣದ ಕಡೆಯ ತೀರದಿಂದಲೂ ಗುಜರಾತಿನಿಂದಲೂ ಹೊರಟ ಬಣ್ಣದ ಹತ್ತಿಬಟ್ಟೆ ಯೂರೋಪಿನ ಮನೆಗಳನ್ನು ಹೊಕ್ಕಿತು. ನಮ್ಮ ಅಜ್ಜಿಯರು ‘ಚೀಟಿ ಬಟ್ಟೆ’ ಎನ್ನುತ್ತಿದ್ದದ್ದೂ ಇಂಗ್ಲಿಷರ ‘ಚಿಂಟ್ಸ್’ ಎಂಬುದೂ ಒಡಹುಟ್ಟಿದ ಮಾತುಗಳು. ಪಟಿಕ ಮೊದಲಾದವನ್ನು ಬಳಸಿ ಬಣ್ಣವನ್ನು ನೂಲಿಗೆ ಕಚ್ಚಿಸುವ ವಿದ್ಯೆ ನಮ್ಮ ಬಣ್ಣಗಾರರಿಗೆ ಕರಗತವಾಗಿತ್ತು. ಒಗೆದಷ್ಟೂ ಹೊಳೆಯುವ ಇಂಥ ಹಗುರ ಬಟ್ಟೆಯನ್ನು ಅಲ್ಲಿನವರು ಅದುವರೆಗೆ ಕಂಡಿರಲಿಲ್ಲ. ಹಾಸಿಗೆಗೆ, ಕುರ್ಚಿಗೆ, ಗೋಡೆಗೆ, ಕಿಟಕಿಗೆ ಎಲ್ಲೆಲ್ಲೂ ಅದೇ ಆಯಿತು.

ಅಲ್ಲಿನ ನೇಕಾರರು ಸುಮ್ಮನೆ ಕೂರಲಿಲ್ಲ. ಫ್ರಾನ್ಸ್ 1686ರಲ್ಲಿಯೇ ಈ ಬಟ್ಟೆಗೆ ನಿಷೇಧ ಹಾಕಿತು; ಅದು ಸಡಿಲಿದ್ದು 1759ರಲ್ಲಿ. ಇಂಗ್ಲೆಂಡಿನಲ್ಲಿ ಅಚ್ಚಿನ ಹತ್ತಿಬಟ್ಟೆಯ ಆಮದನ್ನು ತಡೆಯುವ ಕಾಯಿದೆ 1701ರಿಂದ ನಡೆಯಿತು. ಅದೂ ಸಾಲದೆ, ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಕೇರಿಯ ರೇಷ್ಮೆ ನೇಕಾರರು 1719ರಲ್ಲಿ ದೊಂಬಿಯೆದ್ದು, ಬೀದಿಯಲ್ಲಿ ಹೋಗುವ ಹೆಂಗಸರ ಮೈಮೇಲಿನ ಅಚ್ಚಿನ ಬಟ್ಟೆಯನ್ನೇ ಹರಿದು ಹಾಕತೊಡಗಿದರು. ಕೊನೆಗೆ 1721ರಲ್ಲಿ ಪಾರ್ಲಿಮೆಂಟು ಒಂದು ಶಾಸನ ಮಾಡಿ, ಅಚ್ಚಿನ ಹತ್ತಿಬಟ್ಟೆಯನ್ನು ಉಡುವುದನ್ನೂ ಬಳಸುವುದನ್ನೂ ನಿಷೇಧಿಸಿತು. ಯಾವುದಕ್ಕೆಲ್ಲ ಬಳಸಬಾರದು ಎಂಬ ಪಟ್ಟಿಯಲ್ಲಿ ಹಾಸಿಗೆ, ಕುರ್ಚಿ, ದಿಂಬುಗಳ ಜೊತೆಗೆ ಕಿಟಕಿಯ ಪರದೆಯನ್ನೂ ಹೆಸರಿಸಿದೆ. ಮನೆಯ ಕಿಟಕಿಗೆ ಯಾವ ಬಟ್ಟೆ ಹಾಕಬೇಕೆಂಬುದನ್ನು ಪಾರ್ಲಿಮೆಂಟು ತೀರ್ಮಾನಿಸಿತು. ಆ ತೀರ್ಮಾನದ ಪೆಟ್ಟು ಸಮುದ್ರದಾಚೆ ನಮ್ಮ ಮಗ್ಗಗಳವರೆಗೂ ತಲುಪಿತು. ಈ ಶಾಸನ 1774ರಲ್ಲಿ ರದ್ದಾಗುವ ಹೊತ್ತಿಗೆ ಅಲ್ಲಿ ನೂಲುವ ಯಂತ್ರಗಳು ಎದ್ದುನಿಂತಿದ್ದವು. ಮುಂದಿನ ಶತಮಾನದಲ್ಲಿ ಲಂಕಾಷೈರಿನ ಗಿರಣಿಯ ಅಚ್ಚಿನ ಬಟ್ಟೆ ಹಡಗು ತುಂಬ ಇಲ್ಲಿಗೆ ಬಂದಿಳಿಯಿತು. ನಾವು ಕೊಟ್ಟ ಹೂವುಗಳನ್ನೇ ನಾವು ಹಣ ತೆತ್ತು ಕೊಂಡು ಕಿಟಕಿಗೆ ಕಟ್ಟಿಕೊಂಡೆವು.

ಅದೇ ಕಾಲದಲ್ಲಿ ಬಂದ ಇನ್ನೊಂದು ವಸ್ತು ಜಾಲರಿಯ ಲೇಸ್ ಪರದೆ. ಲೇಸ್ ಪರದೆಯನ್ನು ನೇಯುವ ಯಂತ್ರವನ್ನು ನಾಟಿಂಗ್‌ಹ್ಯಾಮಿನಲ್ಲಿ ಜಾನ್ ಲಿವ್‌ಸಿ 1846ರಲ್ಲಿ ಕಂಡುಹಿಡಿದ. ಇದು ನೂಲಿನ ಜಾಲಂಧ್ರ. ಹಗಲು ಒಳಗಿನವರಿಗೆ ಹೊರಗು ಕಾಣುತ್ತದೆ, ಹೊರಗಿನವರಿಗೆ ಒಳಗು ಕಾಣದು. ಆದರೆ ಸಂಜೆ ದೀಪ ಹೊತ್ತಿಸಿದೊಡನೆ ಕತ್ತಲು ಬೆಳಕುಗಳ ಸ್ಥಾನ ಅದಲುಬದಲಾಗಿ, ಅದೇ ಪರದೆ ಒಳಗಿನವರನ್ನೆಲ್ಲ ಬೀದಿಗೆ ತೋರಿಸಿಬಿಡುತ್ತದೆ. ಹಗಲಿನಲ್ಲಿ ಕೊಂಡ ಪರದೆಯನ್ನು ರಾತ್ರಿಯಲ್ಲಿ ಪರೀಕ್ಷಿಸಬೇಕಾದದ್ದು ಇದಕ್ಕಾಗಿ. ಯುದ್ಧಕಾಲದ ಸರ್ಕಾರಗಳು ಈ ಪಾಠವನ್ನು ಚೆನ್ನಾಗಿ ಅರಿತಿದ್ದವು. 1939ರ ಸೆಪ್ಟೆಂಬರ್ 1ರಿಂದ ಬ್ರಿಟನ್ನಿನ ಪ್ರತಿಯೊಂದು ಕಿಟಕಿಗೂ ರಾತ್ರಿ ಕಪ್ಪು ಮರೆ ಕಡ್ಡಾಯವಾಯಿತು. 1971ರ ಯುದ್ಧದಲ್ಲಿ ಮುಂಬಯಿ, ದೆಹಲಿಗಳ ಮನೆಯವರೂ ಗಾಜುಗಳಿಗೆ ಕಾಗದ ಅಂಟಿಸಿ ಕುಳಿತರು.

ಮರದ ಪಟ್ಟಿಗಳನ್ನು ದಾರದಲ್ಲಿ ಪೋಣಿಸಿ, ಎಳೆದರೆ ಮೇಲೇರುವ, ತಿರುಗಿಸಿದರೆ ಓರೆಯಾಗುವ ಮರೆಗೆ ಇಂಗ್ಲಿಷರು ವೆನಿಸ್ ನಗರದ ಹೆಸರಿಟ್ಟರು. ಲಂಡನ್ನಿನ ಎಡ್ವರ್ಡ್ ಬೆವನ್ 1769ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಇಟಲಿಯವರಾದರೋ ಪಟ್ಟಿಯ ಮರೆಯನ್ನು ಪರ್ಷಿಯದ್ದೆಂದು ಕರೆಯುತ್ತಾರೆ. ಒಳ್ಳೆಯ ವಸ್ತುವನ್ನು ಪ್ರತಿಯೊಬ್ಬರೂ ತಮ್ಮ ಮೂಡಣದವರ ಹೆಸರಿಗೆ ಬರೆದಂತೆ ತೋರುತ್ತದೆ. ಹೆಸರು ಹೇಗಾದರೂ ಇರಲಿ, ಪಟ್ಟಿಯನ್ನು ಮೇಲ್ಮುಖವಾಗಿ ಓರೆಮಾಡಿದರೆ ಬೆಳಕು ಛಾವಣಿಗೆ ತಾಗಿ ಮೃದುವಾಗಿ ಇಳಿಯುತ್ತದೆ, ಎದುರು ಮನೆಯವರ ನೋಟ ತಡೆಯುತ್ತದೆ, ಗಾಳಿಯೂ ಆಡುತ್ತದೆ. ಕಲ್ಲಿನ ಜಾಲಂಧ್ರಕ್ಕಿಲ್ಲದ ಒಂದು ಗುಣ ಇದಕ್ಕಿದೆ: ಒಳಗಿನವರ ಕೈ ಇದನ್ನು ಹೊತ್ತುಹೊತ್ತಿಗೆ ಬದಲಾಯಿಸಬಲ್ಲದು. ದೂಳು ಕೂರುವುದೊಂದು ದೋಷ. ಪಟ್ಟಿ ಪಟ್ಟಿಯನ್ನೂ ಒರೆಸುವ ತಾಳ್ಮೆಯಿಲ್ಲದವರು ಇದನ್ನು ತರಬಾರದು.

ಇಷ್ಟರಲ್ಲಿ ಗಾಜು ಬಂತು. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಮೇಲೆ ತೆರಿಗೆಯಿತ್ತು. ತೆರಿಗೆ ತಪ್ಪಿಸಿಕೊಳ್ಳಲು ಜನ ಕಿಟಕಿಗಳನ್ನೇ ಇಟ್ಟಿಗೆಯಿಂದ ಮುಚ್ಚಿದರು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ನುಣುಪಾದ ದೊಡ್ಡ ಹಾಳೆಗಳನ್ನು ತಯಾರಿಸುವ ವಿಧಾನವನ್ನು ಪಿಲ್ಕಿಂಗ್‌ಟನ್ ಸಂಸ್ಥೆ 1959ರಲ್ಲಿ ಪ್ರಕಟಿಸಿದ ಮೇಲೆ ಗೋಡೆಯೇ ಗಾಜಾಗುವ ಕಾಲ ಬಂತು. ಚಳಿಯ ದೇಶಕ್ಕೆ ಗಾಜು ವರ. ಅದು ಬಿಸಿಲನ್ನು ಒಳಗೆ ಬಿಟ್ಟು, ಆ ಬಿಸಿಲಿನಿಂದ ಕಾದ ವಸ್ತುಗಳ ಶಾಖವನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ನಮ್ಮ ಏಪ್ರಿಲ್ ತಿಂಗಳಿಗೆ ಈ ಗುಣವೇ ಶಾಪ. ಗಾಜಿನ ಒಳಗಡೆ ಎಷ್ಟು ದಪ್ಪದ ಪರದೆ ಹಾಕಿದರೂ, ಬಿಸಿಲು ಆಗಲೇ ಮನೆ ಹೊಕ್ಕಿರುತ್ತದೆ. ಪರದೆ ತಾನೇ ಕಾದು ಕೋಣೆಯನ್ನು ಕಾಯಿಸುತ್ತದೆ. ಬಿಸಿಲನ್ನು ಗಾಜಿನ ಹೊರಗೆ ತಡೆಯಬೇಕು. ಬೆಂಗಳೂರಿನ ಗಾಜಿನ ಕಚೇರಿಗಳಲ್ಲಿ ಹೊರಗೆ ಹಾಡುಹಗಲಿದ್ದರೂ ಒಳಗೆ ಮರೆಗಳನ್ನು ಪೂರ್ತಿ ಇಳಿಬಿಟ್ಟು, ವಿದ್ಯುದ್ದೀಪ ಹೊತ್ತಿಸಿ, ತಂಪು ಯಂತ್ರ ನಡೆಸಿ ಕೆಲಸ ಮಾಡುವುದನ್ನು ಕಾಣುತ್ತೇವೆ. ಗಾಳಿ, ಬೆಳಕು, ನೋಟ ಮೂರನ್ನೂ ಒಟ್ಟಿಗೆ ಬಿಟ್ಟುಕೊಟ್ಟು, ಮೂರಕ್ಕೂ ಬೇರೆಬೇರೆಯಾಗಿ ಹಣ ತೆರುವ ಏರ್ಪಾಡು ಇದು.

ಅದೇ ಬೆಂಗಳೂರಿನ ಹಳೆಯ ಬಂಗಲೆಗಳು ಬೇರೆ ಪಾಠ ಹೇಳುತ್ತವೆ. ದಂಡಿನ ಪ್ರದೇಶದಲ್ಲೂ, 1898ರ ಪ್ಲೇಗಿನ ಅನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲೂ ಕಿಟಕಿಯ ಮೇಲೆ ಟೊಪ್ಪಿಗೆಯಂತೆ ಮುಂಚಾಚಿದ ಮರದ ಜಾಲರಿಯ ಸೂರು ಇರುತ್ತಿತ್ತು. ‘ಮಂಕಿ ಟಾಪ್’ ಎಂದು ಅದಕ್ಕೆ ಹೆಸರು. ಅಂಥ ಮನೆಗಳಲ್ಲಿ ಕೆಲವು ಇನ್ನೂ ಉಳಿದಿವೆ. ಬಿಸಿಲು ಗಾಜನ್ನು ಮುಟ್ಟುವ ಮೊದಲೇ ತಡೆಯುವುದು ಅದರ ಕೆಲಸ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ಕೇರಳದವರೇ ಆಗಿಹೋದ ಲಾರಿ ಬೇಕರ್ (1917–2007) ಕಿಟಕಿಯ ಚೌಕಟ್ಟಿಗೂ ಗಾಜಿಗೂ ಹಣವಿಲ್ಲದವರಿಗಾಗಿ ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಜಾಲಿಗೋಡೆ ಕಟ್ಟಿದರು. ಪಟ್ಟದಕಲ್ಲಿನ ರಾಣಿಯ ಗುಡಿಯಲ್ಲಿದ್ದ ಉಪಾಯವೇ ಬಡವನ ಮನೆಗೆ ಇಟ್ಟಿಗೆಯಲ್ಲಿ ಇಳಿದು ಬಂತು.

ವ್ಯಾಪಾರದವರ ಪ್ರಶ್ನೆ ಸ್ವಲ್ಪ ಬೇರೆ. ಅಂಗಡಿಯ ಕಿಟಕಿ ಇರುವುದು ತೋರಿಸಲಿಕ್ಕೆ. ಆದರೆ ತೋರಿಸುವ ಬೆಳಕೇ ಸರಕನ್ನು ಕೆಡಿಸುತ್ತದೆ. ಪಡುವಣದ ಬಿಸಿಲಿಗೆ ಮುಖವಿಟ್ಟ ಅಂಗಡಿಯಲ್ಲಿ ಗೊಂಬೆಗೆ ಉಡಿಸಿದ ಸೀರೆ ಕೆಲವೇ ವಾರಗಳಲ್ಲಿ ಮಡಿಕೆಯ ಅಂಚಿಗೆ ಬಿಳಿಚಿಕೊಳ್ಳುತ್ತದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಹೊರಗೋಡೆಯ ಯುದ್ಧಚಿತ್ರಗಳು ಬಣ್ಣ ಉಳಿಸಿಕೊಳ್ಳಬೇಕಾದರೆ ಜಗಲಿಗೆ ಮರೆ ಇಳಿಬಿಡದೆ ಗತಿಯಿಲ್ಲ. ನೋಡಲು ಬಂದವರಿಗೆ ಅರಮನೆಯ ಹೊರರೂಪ ಮರೆಯಾದರೂ ಒಳಗಿನ ಬಣ್ಣ ಉಳಿಯುತ್ತದೆ. ಜವಳಿಯವರೂ ಇದೇ ಲೆಕ್ಕ ಹಾಕಬೇಕು. ಬೆಳಿಗ್ಗೆ ತೆರೆದು ಮಧ್ಯಾಹ್ನ ಇಳಿಬಿಡುವ ಹೊರಮರೆ ಅವರಿಗೆ ತಕ್ಕದ್ದು. ಊಟದ ಹೋಟೆಲಿನವರಿಗೆ ಬೇರೆ ನೆನಪಿದೆ. ಕಳೆದ ಶತಮಾನದ ನಡುಭಾಗದಲ್ಲಿ ನಮ್ಮ ಹೋಟೆಲುಗಳ ‘ಫ್ಯಾಮಿಲಿ ರೂಂ’ಗಳಿಗೆ ಮಾಸಿದ ಹಸುರು ಪರದೆಗಳು ತೂಗುತ್ತಿದ್ದವು. ಆ ಪರದೆಯ ಹಿಂದೆಯೇ ಎಷ್ಟೋ ಹೆಂಗಸರು ಮೊದಲ ಸಲ ಮನೆಯ ಹೊರಗೆ ಕೂತು ಕಾಫಿ ಕುಡಿದರು. ಪರದೆ ಇಲ್ಲಿ ಅವರನ್ನು ಹೊರಗೆ ತಂದಿತು ಎಂಬುದನ್ನೂ ಹೇಳಬೇಕು.

ಇನ್ನು ಆಯ್ಕೆಯ ಮಾತು. ಮೊದಲು ಕಿಟಕಿ ಯಾವ ದಿಕ್ಕಿಗಿದೆ ನೋಡಬೇಕು. ತೆಂಕಣದ ಕಿಟಕಿಗೆ ಬೇಸಗೆಯಲ್ಲಿ ಮುಂಚಾಚಿದ ಸಜ್ಜವೇ ಸಾಕು. ಸೂರ್ಯ ನೆತ್ತಿಯ ಮೇಲಿರುತ್ತಾನೆ. ಮೂಡಣ ಪಡುವಣದ ಕಿಟಕಿಗಳಿಗೆ ಸೂರ್ಯ ಕೆಳಗಿನಿಂದ ಕಣ್ಣಿಗೆ ಹೊಡೆಯುವುದರಿಂದ ಸಜ್ಜ ನಿರುಪಯೋಗಿ. ಅಲ್ಲಿ ಇಳಿಬಿಡುವ ಬಿದಿರಿನ ಚಿಕ್ಕನ್ನು, ಸಾಧ್ಯವಾದರೆ ಹೊರಗಡೆ, ಕಟ್ಟಬೇಕು. ಒಳಗಿನ ಪರದೆಗೆ ಗಾಜಿನ ಕಡೆ ತಿಳಿಬಣ್ಣದ ಅಸ್ತರಿ ಹಾಕಿಸಿದರೆ ಅದು ಸ್ವಲ್ಪ ಬೆಳಕನ್ನಾದರೂ ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುತ್ತದೆ, ಬಣ್ಣದ ಬಟ್ಟೆಯ ಆಯುಸ್ಸೂ ಹೆಚ್ಚುತ್ತದೆ. ಓದುವ ಕೋಣೆಗೆ ಬೆಳಕು ಮುಖ್ಯ, ಮಲಗುವ ಕೋಣೆಗೆ ಗಾಳಿ ಮುಖ್ಯ, ಬೀದಿಯ ಕೋಣೆಗೆ ನೋಟ ಮುಖ್ಯ. ಎಲ್ಲಕ್ಕೂ ಒಂದೇ ಥಾನಿನಿಂದ ಕತ್ತರಿಸುವುದು ದರ್ಜಿಗೆ ಅನುಕೂಲವೇ ಹೊರತು ಮನೆಯವರಿಗಲ್ಲ. ಬಟ್ಟೆ ಆರಿಸುವ ಮೊದಲು ಮಧ್ಯಾಹ್ನ ಮೂರಕ್ಕೆ ಒಮ್ಮೆ ಕೋಣೆಯ ಒಳಗೆ ನಿಂತು ನೋಡಬೇಕು. ರಾತ್ರಿ ಎಂಟಕ್ಕೆ ದೀಪ ಹಚ್ಚಿ, ಒಮ್ಮೆ ಬೀದಿಗೆ ಇಳಿದು ನೋಡಬೇಕು.

ಇದಾದ ಮೇಲೂ ಒಂದು ವಿಚಾರ ಉಳಿಯುತ್ತದೆ. ಪ್ರತಿಯೊಂದು ಮನೆಯಲ್ಲಿಯೂ ಹೊರಗೆ ಹೋಗುವುದು ಕಡಿಮೆಯಾದ ಒಬ್ಬರಿರುತ್ತಾರೆ: ವಯಸ್ಸಾದವರು, ಕಾಯಿಲೆಯವರು, ಹಸುಗೂಸಿನ ತಾಯಿ. ಪ್ರತಿಯೊಂದು ಕಚೇರಿಯಲ್ಲಿಯೂ ಕಿಟಕಿಯಿಂದ ದೂರ ಕುಳಿತ ಒಬ್ಬ ಗುಮಾಸ್ತನಿರುತ್ತಾನೆ. ಪರದೆಯನ್ನು ಆರಿಸುವವರು ಬೇರೆ, ಅದರ ಹಿಂದೆ ದಿನ ಕಳೆಯುವವರು ಬೇರೆ ಎಂಬುದನ್ನು ಕಲ್ಲಿನಿಂದ ಗಾಜಿನವರೆಗಿನ ಈ ಕಥೆಯುದ್ದಕ್ಕೂ ಕಂಡೆವು. ಜಾಲಂಧ್ರವಾಗಲಿ ಸೀರೆಯ ತುಂಡಾಗಲಿ ತಾನಾಗಿ ಯಾರನ್ನೂ ಸೆರೆಯಲ್ಲಿಡಲಿಲ್ಲ; ಅದನ್ನು ಸರಿಸುವ ಅಧಿಕಾರ ಒಳಗಿದ್ದವರಿಗೆ ಇರಲಿಲ್ಲ, ಅಷ್ಟೆ. ಆದ್ದರಿಂದ ಬಟ್ಟೆ ಯಾವುದು, ಬಣ್ಣ ಯಾವುದು ಎಂದು ಕೇಳುವ ಮೊದಲು, ಆ ಕಿಟಕಿಯ ಬಳಿ ಹೆಚ್ಚು ಹೊತ್ತು ಕೂರುವವರನ್ನು ಕರೆದು, ಅವರು ಕೂರುವ ಎತ್ತರದಲ್ಲಿ ಕಣ್ಣಿಟ್ಟು ಏನು ಕಾಣುತ್ತದೆಂದು ನೋಡಿ. ತೆರೆಯನ್ನು ಎಳೆಯುವ ದಾರ ಅವರ ಕೈಗೆ ಎಟುಕುವಂತೆ ಕಟ್ಟಿಸಿ. ಬಟ್ಟೆಯ ಆಯ್ಕೆಯನ್ನು ಅನಂತರ ಅವರಿಗೇ ಬಿಡಬಹುದು.